ಬಕೆಟ್ಟಿನಲ್ಲಿ ನೆನೆದ ಪಟ್ಟಿ

ಮುರುಡೇಶ್ವರದ ಸ್ಕೂಬಾ ದೋಣಿಯೊಂದರಲ್ಲಿ ಉಸಿರಾಟದ ಗಾಳಿ ತುಂಬಿದ ಮುದಿ ಸಿಲಿಂಡರೊಂದಿತ್ತು. ಡೈವರ್ ಜಟ್ಟಪ್ಪ ಬೆನ್ನಿಗೆ ಕಟ್ಟಿಕೊಳ್ಳುವ ಉಕ್ಕಿನ ಹಲಗೆ ಜೋಡಿ ಸಿಲಿಂಡರಿಗೆಂದು ಮಾಡಿದ್ದು. ಒಂಟಿ ಸಿಲಿಂಡರ್ ಅದರ ಮೇಲೆ ನಿಲ್ಲಬೇಕಾದರೆ ನಡುವೆ ಅಡಾಪ್ಟರ್ ಬೇಕು, ಅಂದರೆ ಸಿಲಿಂಡರನ್ನು ಸುತ್ತಿ ಹಿಡಿಯುವ ಎರಡು ನೇಯ್ದ ಪಟ್ಟಿಗಳ ಜೋಡಣೆ. ದೋಣಿಯಲ್ಲಿ ಅಂಥ ಅಡಾಪ್ಟರುಗಳು ಎರಡಿದ್ದವು, ಒಂದು ಹೊಸತು, ಒಂದು ಹಳೆಯದು.

ಹೊಸತು ಮುಂದೆ ಬಂದು, "ಅಜ್ಜಿ, ನನ್ನನ್ನೇ ಆರಿಸಿಕೊಳ್ಳಿ. ನನ್ನದು ಉಡದ ಪಟ್ಟು" ಎಂದಿತು.

ಹಳೆಯದು ಬಕೆಟ್ಟಿನ ನೀರಿನೊಳಗಿಂದಲೇ, "ನನ್ನ ಪಟ್ಟಿಗಳು ಇನ್ನೂ ನೆನೆಯಬೇಕು, ಅಕ್ಕ. ಸ್ವಲ್ಪ ತಡೆಯಿರಿ" ಎಂದಿತು.

ಸಿಲಿಂಡರಿಗೆ ನಗು ಬಂತು. "ಹೀಗೆ ಒದ್ದೆಯಾಗಿ ಜೋಲುಬಿದ್ದ ನೀನು ನನ್ನನ್ನೇನು ಹಿಡಿಯುತ್ತೀಯ!" ಎಂದು ಹೊಸತನ್ನೇ ಆರಿಸಿತು. ಅದೂ ಬೆರಳು ತೂರಲು ಸಂದಿಲ್ಲದಂತೆ ಅಪ್ಪಿಕೊಂಡಿತು.

ಕಡಲಿಗಿಳಿದದ್ದೇ ತಡ, ಒಣಗಿದ್ದ ಪಟ್ಟಿ ನೀರು ಕುಡಿದು ಸಡಿಲಾಯಿತು. ಸಿಲಿಂಡರ್ ಸರ್ರನೆ ಕೆಳಗೆ ಜಾರಿತು. ಉಸಿರಿನ ಕೊಳವೆ ಜಟ್ಟಪ್ಪನ ಬಾಯಿಂದ ಕಿತ್ತುಬಂತು. ದೋಣಿಯ ಹಗ್ಗ ಇನ್ನೂ ಕೈಯಲ್ಲಿದ್ದುದರಿಂದ ಅವನು ಬದುಕಿದ.

ಮೇಲೆ ಬಂದ ಸಿಲಿಂಡರ್ ಬಕೆಟ್ಟಿನತ್ತ ತಿರುಗಿತು. ಮೊದಲೇ ನೆನೆದು ಹಿಗ್ಗುವಷ್ಟು ಹಿಗ್ಗಿದ್ದ ಹಳೆಯದರ ಪಟ್ಟಿಗಳು ಅದನ್ನು ಅಪ್ಪಿಕೊಂಡು ಕಡಲಿನ ತಳ ಮುಟ್ಟಿ ಬಂದವು. ಕೂದಲೆಳೆಯಷ್ಟೂ ಸಡಿಲಾಗಲಿಲ್ಲ.

ಹೊಸತು ಮೂಲೆಯಲ್ಲಿ ಮುದುಡಿಕೊಂಡಿತ್ತು. "ನಾನು ಸುಳ್ಳು ಹೇಳಲಿಲ್ಲ ಅಜ್ಜಿ. ಇದ್ದ ಬಲವನ್ನೆಲ್ಲ ಹಾಕಿ ಹಿಡಿದಿದ್ದೆ."

"ಗೊತ್ತು ಮಗು," ಎಂದಿತು ಸಿಲಿಂಡರ್. "ನೀರು ಕಾಣದ ಬಿಗಿಯನ್ನು ನಂಬಿದ್ದು ನನ್ನ ತಪ್ಪು. ನಾಳೆ ನೀನೇ ನನ್ನನ್ನು ಹಿಡಿಯಬೇಕು. ಈಗ ಬಕೆಟ್ಟಿಗಿಳಿ."