ಹರಳವ್ವನ ದಿಬ್ಬ

ನಮ್ಮೂರು ಕೊಂಡ್ಲಗೆರೆಯ ಕೆರೆ ಏರಿಯಿಂದ ಇಳಿದು ಶಾಲೆಯ ಕಡೆ ತಿರುಗಿದರೆ ಆಳೆತ್ತರದ ಒಂದು ದಿಬ್ಬ ಸಿಗುತ್ತದೆ. ಗುಡಿಯಿಲ್ಲ, ಶಾಸನವಿಲ್ಲ, ಬರೀ ಅಂಗೈಯಲ್ಲಿ ಹಿಡಿಯುವಂಥ ಹರಳುಗಳು. ಹೊಸಬರು ಇದೇನು ರಸ್ತೆಗೆ ಸುರಿದ ಜಲ್ಲಿಯೇ ಎಂದು ಕೇಳಿದಾಗ ನನಗೆ ಮೈಯೆಲ್ಲ ಉರಿಯುತ್ತದೆ. ಜಲ್ಲಿಯಂತೆ ಜಲ್ಲಿ! ಇದು ಹರಳವ್ವನ ದಿಬ್ಬ.

ಪಾಳೆಯಗಾರರ ಕಾಲದಲ್ಲಿ ಈ ಊರಿನ ತೀರ್ಮಾನಗಳೆಲ್ಲ ಚಾವಡಿಯಲ್ಲಿ ಹರಳು ಹಾಕಿಯೇ ಆಗುತ್ತಿದ್ದವು ಎನ್ನುತ್ತಾರೆ. ಎರಡು ಮಡಕೆ ಇಡುವರು; ಒಂದು ‘ಆಗಲಿ’ ಎನ್ನುವುದಕ್ಕೆ, ಇನ್ನೊಂದು ‘ಬೇಡ’ ಎನ್ನುವುದಕ್ಕೆ. ಪ್ರತಿ ಮನೆಯ ಯಜಮಾನ ಒಂದು ಹರಳು ಹಾಕಬೇಕು. ಸಮಸಮವಾದರೆ ಗೌಡರ ಮಾತೇ ಕೊನೆ. ಹಿಂದೆ ಒಮ್ಮೆ ಪಾಳೆಯಗಾರನೊಬ್ಬ, ಅರಮನೆಯ ಊಳಿಗಕ್ಕೆ ಒಂದು ಹೆಣ್ಣು ಕಳಿಸಿ, ಇಲ್ಲವಾದರೆ ಊರಿಗೇ ಬೆಂಕಿ ಎಂದು ಹೇಳಿಕಳಿಸಿದ. ಹಿರಿಯರ ಕಣ್ಣು ಬಿದ್ದದ್ದು ವಿಧವೆ ಕೆಂಚವ್ವನ ಒಬ್ಬಳೇ ಮಗಳು ಬೊಮ್ಮಿಯ ಮೇಲೆ. ಕೇಳುವ ಗಂಡಸಿಲ್ಲದ ಮನೆ ನೋಡಿ! ಕಳಿಸುವುದೋ ಬೇಡವೋ ಎಂದು ಮಡಕೆ ಇಟ್ಟರು. ಕೆಂಚವ್ವ ಕೆರೆಯಂಗಳದಿಂದ ಒಂದು ಹರಳು ಹೆಕ್ಕಿಕೊಂಡು ಚಾವಡಿಗೆ ಓಡಿಬಂದಳು. “ನನ್ನ ಮಗಳ ವಿಚಾರ ಗೌಡ್ರೇ, ನಂದೂ ಒಂದು ಹಾಕ್ಕೊಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದಳು. “ಹೆಂಗಸರಿಗೆ ಹರಳಿಲ್ಲ ಕಣವ್ವ, ಹಿಂದಿನಿಂದ ಬಂದ ಪದ್ಧತಿ” ಎಂದರು ಗೌಡರು. ತಳವಾರ ಅವಳ ಬೆರಳು ಬಿಡಿಸಿ ಹರಳನ್ನು ಕಿತ್ತು ಹೊರಗೆಸೆದ. ಮಡಕೆ ಸುರಿದು ಎಣಿಸಿದರು. ಆ ಕಡೆ ಇಪ್ಪತ್ತು, ಈ ಕಡೆ ಇಪ್ಪತ್ತು. ಗೌಡರು ತಲೆ ತಗ್ಗಿಸಿಕೊಂಡೇ “ಕಳಿಸಿ” ಎಂದರಂತೆ. ಅಯ್ಯೋ, ಹೇಳಲು ಬಾಯಾದರೂ ಹೇಗೆ ಬಂತೋ! “ಅವ್ವಾ, ಕಳಿಸಬ್ಯಾಡ” ಎಂದು ಬೊಮ್ಮಿ ಚೀರುತ್ತಿದ್ದಂತೆಯೇ ಗಾಡಿಗೆ ಹತ್ತಿಸಿದರು. ಮತ್ತೆ ಅವಳ ಸುದ್ದಿ ಬರಲೇ ಇಲ್ಲ.

ಮಾರನೆಯ ದಿನದಿಂದ ಕೆಂಚವ್ವ ದಿನಕ್ಕೊಂದು ಹರಳು ತಂದು, ತನ್ನದು ಬಿದ್ದಿದ್ದ ಜಾಗದಲ್ಲಿ ಹಾಕಿ, “ಬ್ಯಾಡ ಅಂತ ಹಾಕಿದೀನಿ, ಎಣಿಸ್ರಪ್ಪೋ!” ಎಂದು ಚಾವಡಿಯತ್ತ ಕೂಗತೊಡಗಿದಳು. ಹುಚ್ಚಿ ಎಂದರು, ಹರಳವ್ವ ಎಂದು ಅಣಕಿಸಿದರು. ಎಣಿಸಿದವರು ಯಾರೂ ಇಲ್ಲ. ಸಾಯುವ ಹಿಂದಿನ ದಿನವೂ ತೆವಳಿಕೊಂಡು ಬಂದು ಹಾಕಿದಳಂತೆ. ಅವಳು ಹೋದ ಮೇಲೆ ಊರ ಹೆಂಗಸರು ಹಾಕತೊಡಗಿದರು. ಎಷ್ಟೋ ತಲೆಮಾರು ಹಾಕಿದರು, ಒಬ್ಬರ ಹರಳೂ ಮಡಕೆಗೆ ಬೀಳಲಿಲ್ಲ.

ಚಾವಡಿ ಬಿದ್ದುಹೋಗಿ ಅಲ್ಲಿ ಶಾಲೆ ಎದ್ದಿದೆ, ಅದೇ ಈಗ ಮತಗಟ್ಟೆ. ಚುನಾವಣೆಯ ದಿನ ಬಂದವರು ಕಣ್ಣಾರೆ ನೋಡಬಹುದು: ವೋಟು ಹಾಕಿದ ಹೆಂಗಸರು ಬೆರಳಿನ ಶಾಯಿ ಆರುವ ಮುಂಚೆ ಇಲ್ಲಿಗೆ ಬಂದು ಒಂದೊಂದು ಹರಳು ಹಾಕುತ್ತಾರೆ. ಹೋದ ಸಲ, ಎಂಬತ್ತು ದಾಟಿದ ಪಾಲಮ್ಮಜ್ಜಿ ಬಗ್ಗಿ ಹರಳು ಹೆಕ್ಕುತ್ತಿದ್ದಾಗ, “ವೋಟು ಸಿಕ್ಕಿ ಎಷ್ಟು ವರ್ಷ ಆಯ್ತಲ್ಲಜ್ಜಿ, ಇನ್ನೂ ಯಾಕೆ?” ಎಂದುಬಿಟ್ಟೆ.

ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದಳು.

“ವೋಟು ಸಿಕ್ತಪ್ಪ. ಬೊಮ್ಮಿ ಸಿಕ್ಕಿದಳಾ?”