ಘಾಟು ಬಾರದ ಮೆಣಸಿನಕಾಯಿ

ಮುಳಗೇರಿಯ ಹಳ್ಳದ ದಂಡೆಯ ಮೇಲೆ ಪೂಜ್ಯ ಈರಬಸವಜ್ಜನವರ ಮಠವಿತ್ತು. ಮಠವೆಂದೊಡನೆ ಕಲ್ಲಿನ ಕಂಬ, ಬೆಳ್ಳಿಯ ಬಾಗಿಲು ಎಂದು ಎಣಿಸಬೇಡಿ. ಮಣ್ಣಿನ ಗೋಡೆಯ ಎರಡು ಅಂಕಣದ ಮನೆ. ಒಂದರಲ್ಲಿ ಲಿಂಗ, ಇನ್ನೊಂದರಲ್ಲಿ ಒಲೆ. ಪೂಜ್ಯರು ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ, ಒಲೆಯ ಮುಂದೆ ಕುಳಿತದ್ದನ್ನು ಕಂಡವರೇ ಹೆಚ್ಚು. ದಾರಿಹೋಕರಿಗೆ, ದನ ಕಾಯುವವರಿಗೆ ತಾವೇ ಬೇಯಿಸಿ ತಾವೇ ಬಡಿಸುತ್ತಿದ್ದರು. ಬೇಸಿಗೆ ಬಂತೆಂದರೆ ಬೇಲಿಯ ಬಳ್ಳಿಯಲ್ಲಿ ಹೀರೇಕಾಯಿ ಜೋತಾಡುತ್ತಿದ್ದವು. ಆಗ ಮಠದಲ್ಲಿ ದಿನವೂ ಅದರದೇ ಪಲ್ಯ. "ಇವತ್ತೂ ಹೀರಿಕಾಯೇನ್ರೀ ಅಜ್ಜಾರ?" ಎಂದು ಯಾರಾದರೂ ಮೂಗು ಮುರಿದರೆ, "ಶಿವ ಅದನ್ನ ಕೊಡಾಕತ್ಯಾನ, ನಾ ಏನ್ ಮಾಡ್ಲಿ?" ಎಂದು ನಗುತ್ತಿದ್ದರು.

ಅಂಥದೊಂದು ಮುಂಜಾನೆ ಊರೊಳಗಿನ ಕಸ್ತೂರೆವ್ವ ಎಂಬಾಕೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ದಡದಡನೆ ಮಠಕ್ಕೆ ಬಂದಳು. ಬಂದವಳು ಕೂಡಲಿಲ್ಲ. ಬಾಗಿಲಲ್ಲಿ ನಿಂತಳು, ಒಳಗೆ ಬಂದಳು, ಮತ್ತೆ ಹೊರಗೆ ಹೋಗಿ ಊರ ದಾರಿ ನೋಡಿ ಬಂದಳು. ಅನೇಕ ದಿನಗಳಿಂದ ಅವಳ ಗತಿ ಹೀಗೆಯೇ ಇತ್ತು. ಹರಕೆ ಹೊತ್ತು ಹೊತ್ತು ಪಡೆದ ಕೂಸು ಮೊಲೆ ಹಿಡಿಯುತ್ತಿರಲಿಲ್ಲ. ಹಿಡಿದರೂ ಎರಡು ಗುಟುಕಿಗೆ ಬಿಟ್ಟು ಕಿರುಚುತ್ತಿತ್ತು. ತಾಯಿಗೆ ಕೂತರೆ ಏಳಬೇಕೆನಿಸುವುದು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದು.

ದೃಷ್ಟಿಯಾಗಿರಬಹುದೆಂದು ಅವಳು ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕೂಸಿಗೆ ನಿವಾಳಿಸಿ ಒಲೆಗೆ ಹಾಕಿದ್ದಳು. ನಮ್ಮ ಕಡೆಯ ನಂಬಿಕೆ ಗೊತ್ತೇ ಇದೆಯಲ್ಲ. ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿದರೆ ಹೆದರಿಕೆಯಿಲ್ಲ. ಘಾಟು ಬಾರದಿದ್ದರೆ ಯಾರದೋ ಕೆಟ್ಟ ಕಣ್ಣು ಬಿದ್ದಿದೆ. ಘಾಟು ಬರಲಿಲ್ಲ. ಮರುದಿನ ಮತ್ತೆ ಹಾಕಿದಳು, ಆಗಲೂ ಬರಲಿಲ್ಲ. ಯಾರ ಕಣ್ಣು ಎಂದು ಹುಡುಕಲು ಅವಳು ಹೊಸ್ತಿಲು ದಾಟಬೇಕಾಗಲಿಲ್ಲ. ಮನೆಯಲ್ಲೇ ನೆಗೆಣ್ಣಿ ನೀಲಗಂಗವ್ವ ಇದ್ದಳು; ಭಾವನ ಹೆಂಡತಿ, ಗಂಡ ತೀರಿಕೊಂಡವಳು, ಮಕ್ಕಳಿಲ್ಲದವಳು. ಒಂದು ದಿನ ಕೂಸನ್ನು ನೋಡಿ ಆ ಪುಣ್ಯಾತ್ಗಿತ್ತಿ "ಎಷ್ಟ ಚಂದ ಆಗೇತವ್ವಾ ನಮ್ಮ ಬಂಗಾರ" ಎಂದಿದ್ದಳು. ಹೊಗಳಿದ್ದೇ ಮುಳುವಾಯಿತು. ನಂಬಿದ ಮನಸ್ಸಿಗೆ ಸಾಕ್ಷಿಗೇನು ಬರ!

ಅವಳನ್ನು ತವರಿಗೆ ಕಳಿಸಿಯೇ ತೀರಬೇಕೆಂದು ಕಸ್ತೂರೆವ್ವ ಹಟ ಹಿಡಿದಳು. ನೀಲಗಂಗವ್ವನ ಅಣ್ಣನಿಗೆ ಹೇಳಿಕಳಿಸಿದ್ದೂ ಆಯಿತು; ಆ ದಿನ ಮಧ್ಯಾಹ್ನಕ್ಕೆ ಅವನು ಬಂಡಿ ತರುವವನಿದ್ದ. ಕೆಟ್ಟ ಕಣ್ಣಿನವಳೆಂಬ ಹೆಸರು ಹೊತ್ತು ಹೋದವಳನ್ನು ತವರಿನಲ್ಲಾದರೂ ಯಾರು ಮಕ್ಕಳ ಹತ್ತಿರ ಬಿಟ್ಟಾರು? ಅದು ಕಸ್ತೂರೆವ್ವನ ಗಂಡನ ಕರುಳನ್ನು ಕೊರೆಯುತ್ತಿತ್ತು. ಆತ ಹೆಂಡತಿಗೆ ಎದುರಾಡುವ ಗಂಡಸಲ್ಲ. ಆದರೂ "ಅತ್ತಿಗಿ ನನಗ ಉಣ್ಣಾಕ ಇಟ್ಟು ದೊಡ್ಡವನ್ನ ಮಾಡಿದಾಕಿ. ಅಜ್ಜಾರು ಹೂಂ ಅಂದ್ರ ಕಳಸೋಣು, ಇಲ್ಲಾಂದ್ರ ಇಲ್ಲ" ಎಂದು ಅದೊಂದು ಮಾತನ್ನು ಬಿಗಿಯಾಗಿ ಹೇಳಿದ್ದ. ಆ 'ಹೂಂ' ಕೇಳಲಿಕ್ಕೇ ಅವಳು ಬಂದದ್ದು.

ಪೂಜ್ಯರು ಹೀರೇಕಾಯಿಯ ಏಣು ಹೆರೆಯುತ್ತ ಎಲ್ಲವನ್ನೂ ಕೇಳಿದರು. ಕೊನೆಗೆ, "ಕೂಸನ್ನ ಇಲ್ಲಿ ಕೊಡು ಯವ್ವಾ. ನಾಕು ಮೆಣಸಿನಕಾಯಿ ಹುರಿ, ಪಲ್ಯಕ್ಕ ಬೇಕು" ಎಂದು ಅಪ್ಪಣೆ ಕೊಡಿಸಿದರು.

ಕಸ್ತೂರೆವ್ವನಿಗೆ ಒಳಗೇ ಸಿಟ್ಟು ಬಂದಿತು. ಇಲ್ಲಿ ನನ್ನ ಮನೆಗೆ ಬೆಂಕಿ ಬಿದ್ದಿದೆ, ಇವರಿಗೆ ಪಲ್ಯದ ಚಿಂತೆ! ಆದರೆ ಗುರುಗಳ ಮಾತು ಮೀರುವುದುಂಟೆ? ಕೂಸನ್ನು ಅವರ ಮಡಿಲಲ್ಲಿ ಇಟ್ಟು ಒಲೆಯ ಮುಂದೆ ಕುಕ್ಕರಿಸಿದಳು. ಕೂಸು ಮೊದಲು ಚೀರಿತು, ಆಮೇಲೆ ಪೂಜ್ಯರ ಬೆರಳು ಸಿಕ್ಕಿದ್ದೇ ಅದನ್ನು ಬಾಯಿಗೆ ಒಯ್ದು ಕಚಕಚ ಕಡಿಯುತ್ತ ಸುಮ್ಮನಾಯಿತು.

ಅವಳ ಮನಸ್ಸು ಬಂಡಿಯ ದಾರಿಯಲ್ಲಿತ್ತು, ಕೈ ಮಾತ್ರ ತನ್ನ ಕೆಲಸ ಮರೆಯಲಿಲ್ಲ. ಹಂಚು ಕಾಯಿತು. ಎಣ್ಣೆ ಸವರಿದಳು, ಮೆಣಸಿನಕಾಯಿ ಹಾಕಿದಳು, ಮೇಲೆ ಚಿಟಿಕೆ ಉಪ್ಪು ಉದುರಿಸಿದಳು, ಕಟ್ಟಿಗೆಯನ್ನು ಹಿಂದಕ್ಕೆ ಎಳೆದು ಉರಿ ಸಣ್ಣದು ಮಾಡಿದಳು. ಮೆಣಸಿನಕಾಯಿ ಉಬ್ಬಿ ಗರಿಗರಿಯಾದವು. ಬೆಳ್ಳುಳ್ಳಿಯೊಡನೆ ಕಲ್ಲಿನಲ್ಲಿ ಕುಟ್ಟಿ, ಹೆಚ್ಚಿದ ಹೀರೇಕಾಯಿಯನ್ನು ಒಗ್ಗರಣೆಗೆ ಹಾಕಿ ಅದಕ್ಕೆ ಬೆರೆಸಿದಳು. ಮಠದ ತುಂಬ ಹಸಿವು ಕೆರಳಿಸುವ ವಾಸನೆ. ಅವಳು ಮಾತ್ರ ಸೌಟು ತಿರುವುತ್ತಲೇ ಬಾಗಿಲ ಕಡೆ ಕತ್ತು ಚಾಚುತ್ತಿದ್ದಳು.

"ಘಾಟು ಬಂತೇನು ಯವ್ವಾ?" ಎಂದು ಪೂಜ್ಯರು ಕೇಳಿದರು.

"ಇಲ್ರಿ ಅಜ್ಜಾರ."

"ಒಂದು ಸೀನರ ಬಂತೇನು?"

"ಇಲ್ರಿ."

"ಹಂಗಾರ ಮಠಕ್ಕ ದೃಷ್ಟಿ ಆಗೇತಿ. ಮುಂಜಾನಿಂದ ಇಲ್ಲಿ ಬಂದಾಕಿ ನೀ ಒಬ್ಬಾಕಿ. ಯಾರ ಕಣ್ಣು ಅನ್ನೂಣು?"

ದನಿಯಲ್ಲಿ ಬೈಗುಳವಿರಲಿಲ್ಲ, ನಗೆಯೂ ಇರಲಿಲ್ಲ. ಕಸ್ತೂರೆವ್ವನ ಕೈಯಿಂದ ಸೌಟು ಜಾರಿತು. ಅವಳು ಗಡಬಡಿಸಿ ಎದ್ದಳು.

"ನಂದಲ್ರೀ ಅಜ್ಜಾರ! ಕೂಸಿನ ಆಣಿ, ನಾ ಅಂಥಾಕಿ ಅಲ್ರಿ! ಎಣ್ಣಿ ಹಚ್ಚಿ ಹುರದೀನ್ರಿ, ಉಪ್ಪು ಹಾಕೀನಿ. ಉಪ್ಪು ಕೂಡಿದ್ರ ಘಾಟು ಏಳೂದಿಲ್ರಿ. ಒಲಿ ಮುಂದ ಕುಂತ ಹೆಂಗಸ್ರಿಗೆಲ್ಲ ಗೊತ್ತೈತಿ, ಬೇಕಾದ್ರ ಯಾರನರ ಕೇಳ್ರಿ. ಉಪ್ಪು ಬಿತ್ತಂದ್ರ ಮೆಣಸಿನಕಾಯಿ..."

ಮಾತು ಅಲ್ಲಿಗೇ ನಿಂತಿತು. ಕೂಸಿನ ತಲೆಯ ಸುತ್ತ ತಾನು ನಿವಾಳಿಸಿದ ಮುಷ್ಟಿ ಅವಳ ಕಣ್ಣ ಮುಂದೆ ಬಂದಿತು. ಆ ಮುಷ್ಟಿಯಲ್ಲಿ ಮೆಣಸಿನಕಾಯಿಗಿಂತ ಉಪ್ಪೇ ಹೆಚ್ಚಿತ್ತು. ತನ್ನ ಮೇಲೆ ಮಾತು ಬಂದಾಗ ಅರೆಗಳಿಗೆಯಲ್ಲಿ ನೆನಪಾದದ್ದು, ಇನ್ನೊಬ್ಬಳ ಬಾಳು ಹೋಗುವಾಗ ಇಷ್ಟು ದಿನವಾದರೂ ನೆನಪಾಗಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಭೂಮಿ ಬಾಯಿಬಿಡಬಾರದೇ ಎನಿಸುವಂಥ ನಾಚಿಕೆ.

ಪಲ್ಯ ತನ್ನ ಪಾಡಿಗೆ ಕುದಿಯುತ್ತಿತ್ತು.

"ಅಕ್ಕಗ ಒಂದು ಮಾತು ಹೇಳಾಕೂ ನಾ ಬಿಡಲಿಲ್ರಿ ಅಜ್ಜಾರ" ಎಂದು ನೆಗೆಣ್ಣಿಯನ್ನು ನೆನೆದು ಅವಳು ಅಳತೊಡಗಿದಳು.

ಕರುಣಾಳು ಪೂಜ್ಯರು ಕೂಸನ್ನು ಎತ್ತಿ ಅವಳ ತೋಳಿಗೆ ಕೊಟ್ಟರು. ಕಡಿಸಿಕೊಂಡು ಕೆಂಪಾದ ತಮ್ಮ ಬೆರಳನ್ನು ತೋರಿಸಿ, "ಹಲ್ಲು ಬರಾಕತ್ತಾವ, ಅದಕ್ಕ ಅಳತೈತಿ. ಬಂಡಿ ಹೊಂಡೂದರೊಳಗ ಹೋಗು" ಎಂದರು. ಅವಳು ಪಾದ ಮುಟ್ಟಿದಳೋ ಇಲ್ಲವೋ, ಪ್ರಸಾದಕ್ಕೂ ನಿಲ್ಲದೆ ಓಡಿದಳು. ಕಾದ ಮಣ್ಣಿಗೆ ಅಂಗಾಲು ಚುರುಗುಟ್ಟಿದಾಗಲೇ ಮೆಟ್ಟು ಮಠದಲ್ಲಿ ಬಿಟ್ಟದ್ದು ತಿಳಿದದ್ದು. ತಿರುಗಿ ಹೋಗಲಿಲ್ಲ.

ಬಾಗಿಲ ಮುಂದೆ ಬಂಡಿ ನಿಂತಿತ್ತು. ಟ್ರಂಕು ಏರಿಸಿಯಾಗಿತ್ತು, ಎತ್ತು ಹೂಡಿಯಾಗಿತ್ತು. ಗಂಡ ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ನೀಲಗಂಗವ್ವ ಪಡಸಾಲೆಯಲ್ಲಿ ಕೂತಿದ್ದಳು. ಕೂಸಿನ ದನಿ ಕೇಳಿದ್ದೇ ಅವಳು ಸರಕ್ಕನೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ಕಸ್ತೂರೆವ್ವ ಅವಳ ಮುಂದೆ ಕೂತು, ಕೂಸನ್ನು ಅವಳ ಮಡಿಲಲ್ಲಿ ಇಟ್ಟು, ತನ್ನ ಕೈಯಿಂದಲೇ ಆ ಸೆರಗನ್ನು ಸರಿಸಿದಳು. "ಅಕ್ಕಾ, ತಪ್ಪು ನಂದು. ನೋಡು ಇವನ್ನ. ಕಣ್ಣು ತುಂಬ ನೋಡು."

ನೀಲಗಂಗವ್ವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. "ಬ್ಯಾಡ ತಂಗಿ" ಎಂದಳು. "ನನ್ನ ಕಣ್ಣಿನ ಮ್ಯಾಲ ನನಗ ಭರೋಸ ಉಳದಿಲ್ಲ. ಕೂಸಿಗೆ ಮತ್ತ ಏನರ ಆದೀತು, ತಕ್ಕೋ."

ಈ ಮಾತು ಕಸ್ತೂರೆವ್ವನ ಎದೆಗೆ ನಾಟಿತು. ತಾನು ಹೊರಿಸಿದ ಸುಳ್ಳನ್ನು ಈ ಜೀವ ನಿಜವೆಂದೇ ನಂಬಿಬಿಟ್ಟಿತ್ತು. "ನೀ ಕಣ್ಣು ತೆರಿಯೂತನಕ ನಾ ಇಲ್ಲಿಂದ ಏಳಂಗಿಲ್ಲ" ಎಂದು ಅವಳ ಎರಡೂ ಕೈ ಹಿಡಿದು ಕೂತಳು.

ಬಂಡಿಯ ಹತ್ತಿರ ನಿಂತಿದ್ದ ನೀಲಗಂಗವ್ವನ ಅಣ್ಣ ಒಂದಿಷ್ಟು ಹೊತ್ತು ಕಾದ. ಆಮೇಲೆ ಏನೋ ಅರ್ಥವಾದವನಂತೆ ಎತ್ತು ಬಿಚ್ಚಿ ನೀರು ಕುಡಿಸಲು ಹೋದ. ಗಂಡ ಟ್ರಂಕು ಇಳಿಸಿ ಒಳಗೆ ತಂದಿಟ್ಟ. ಬಿಸಿಲು ಹೊಸ್ತಿಲು ದಾಟಿ ಹೊರಗೆ ಹೋಯಿತು. ಅಲ್ಲಿಯವರೆಗೂ ಕಸ್ತೂರೆವ್ವ ಅಲುಗಾಡದೆ ಕೂತೇ ಇದ್ದಳು. ಆಗ ನೀಲಗಂಗವ್ವ ಮೆಲ್ಲಗೆ, "ಖರೇನ ನೋಡ್ಲೇನ ತಂಗಿ?" ಎಂದು ಕೇಳಿ, ಕಣ್ಣು ತೆರೆದಳು.