ತಿಂದವರ ರಕ್ತ

ಫಕೀರವ್ವನ ಮಗ ಅಡಿವೆಪ್ಪನಿಗೆ ಮೈತುಂಬ ಕಸುವು, ತಲೆತುಂಬ ಹೊಟ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಕರ್ಮ!

ಅವನ ತಂಗಿ ಕಸ್ತೂರಿ ಚಪಾತಿ ತಿಂದರೆ ಸಾಕು, ಹೊಟ್ಟೆ ಉಬ್ಬುತ್ತಿತ್ತು, ಭೇದಿ ಹಿಡಿಯುತ್ತಿತ್ತು. ಹುಡುಗಿ ಕಡ್ಡಿಯಾದಳು.

"ಅಕಿಗೆ ಗೋಧೀದು ಒಂದು ತುತ್ತೂ ಕೊಡಬ್ಯಾಡೋ!" ಎಂದಳು ತಾಯಿ.

ಅಡಿವೆಪ್ಪ ತಿಂಗಳುಗಟ್ಟಲೆ ಕೊಡಲಿಲ್ಲ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಏನೂ ಕಾಣಲಿಲ್ಲ.

"ಗೋಧಿ ತಿಂತಿದ್ಲೇನು?" ಎಂದರು ಡಾಕ್ಟರು.

"ಒಂದು ತುತ್ತೂ ಇಲ್ರಿ!" ಅಡಿವೆಪ್ಪ ಎದೆ ಉಬ್ಬಿಸಿದ.

"ಹಂಗಾದ್ರ ಏನ್ ಕಾಣತೈತಿ? ಗೋಧಿ ಹೊಟ್ಟಿಗೆ ಹೋದ್ರನ ಅದರ ಮ್ಯಾಲೆ ಜಗಳಕ್ಕ ನಿಲ್ಲೋ ಆ್ಯಂಟಿಬಾಡಿ ರಕ್ತದಾಗ ಸಿಗೋದು. ಕೆಲವು ವಾರ ದಿನಾ ಚಪಾತಿ ತಿನ್ನಿಸಿ ಕರಕೊಂಡ ಬರ್ರಿ."

"ಹುಚ್ಚಪ್ಯಾಲಿ! ರಕ್ತ ಕೊಡೂದಕ್ಕ ಮೊದಲು ಗೋಧಿ ತಿನ್ನಿಸಬೇಕು, ತಿಳೀತೇನು?" ಎಂದು ಬೈದಳು ಫಕೀರವ್ವ. ಕೊಡಬೇಡವೆಂದವಳು ತಾನೇ ಎಂಬುದು ಆಗ ಅವಳಿಗೆ ನೆನಪಿರಲಿಲ್ಲ.

"ತಿಳೀತವ್ವ!"

ಸೋದರಮಾವನನ್ನು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಕರೆದೊಯ್ಯುವ ಕೆಲಸ ಅವನಿಗೇ ಬಿತ್ತು. ಬರಿಹೊಟ್ಟೆಯಲ್ಲಿ ಹೊರಟಿದ್ದ ಮುದುಕನನ್ನು ದಾರಿಯಲ್ಲಿ ಖಾನಾವಳಿಗೆ ನುಗ್ಗಿಸಿ, ಬೆಲ್ಲ ಸುರಿದ ಗೋಧಿ ಹುಗ್ಗಿ ಉಣಿಸಿದ. ಸಕ್ಕರೆ ಮುಗಿಲು ಮುಟ್ಟಿತು. ಡಾಕ್ಟರು ಹೌಹಾರಿದರು.

"ಯಾರ ಹೊಟ್ಟಿ, ಯಾರ ರಕ್ತ, ನೋಡೂದಿಲ್ಲೇನೋ ಕೋಣಾ! ಚಪಾತಿ ತಿಂದಾವರ ರಕ್ತದಾಗ ಗೋಧಿ ಜಗಳ ನೋಡ್ತಾರ!" ಎಂದು ಮನೆಯಲ್ಲಿ ಉಗಿದಳು ತಾಯಿ.

"ತಿಳೀತವ್ವ!"

ಹಿರಿಮಗಳ ಬಾಣಂತನಕ್ಕೆ ಫಕೀರವ್ವ ಪರಊರಿಗೆ ಹೊರಟಳು. "ಕಸ್ತೂರಿಗೆ ದಿನಾ ಚಪಾತಿ ಮಾಡಿಕೊಡು. ಒಂದು ಚೂರೂ ಉಳೀಬಾರದು!"

ಕಸ್ತೂರಿ ಹೊಟ್ಟೆ ಹಿಡಿದುಕೊಂಡು ಅರ್ಧ ತಿಂದು ಅರ್ಧ ಬಿಡುತ್ತಿದ್ದಳು. ಉಳಿಯಬಾರದಲ್ಲ! ಉಳಿದದ್ದನ್ನೂ ತನ್ನ ಪಾಲನ್ನೂ ಅಡಿವೆಪ್ಪ ನುಂಗಿದ. ಪರೀಕ್ಷೆಯ ದಿನ ಯೋಚಿಸಿದ, ಹೆಚ್ಚು ತಿಂದವನು ತಾನೇ. ತಂಗಿಯನ್ನು ಮನೆಯಲ್ಲಿ ಬಿಟ್ಟು, ಅವಳ ಹೆಸರಿನ ಚೀಟಿ ಕೊಟ್ಟು, ತನ್ನ ತೋಳು ಚಾಚಿದ. ಲ್ಯಾಬಿನವನೂ ಅದೇ ಬಳಗದವನಿರಬೇಕು, ಮೀಸೆ ಕಂಡರೂ ಕಸ್ತೂರಿ ಎಂದೇ ಬರೆದುಕೊಂಡ.

ತಾಯಿ ಮರಳಿ ಬಂದಾಗ ಹುಡುಗಿ ಚಾಪೆಯ ಮೇಲೆ ಹೊರಳಾಡುತ್ತಿದ್ದಳು. ಮಗ ಕುಣಿಯುತ್ತಿದ್ದ.

"ಅವ್ವಾ, ತಂಗಿಗೆ ಏನೂ ರೋಗಿಲ್ಲಂತ! ಗೋಧಿ ಸಜ್ಜಕ ಮಾಡಿ ಹೊಟ್ಟಿ ತುಂಬ ಉಣಿಸೇನಿ!"

"ಯಾರ ರಕ್ತ ಕೊಟ್ಟ್ಯೋ?"

"ನಂದ! ಹೆಚ್ಚು ತಿಂದಾವ ನಾನ ಅಲ್ಲೇನು?"

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. ಮಗಳನ್ನು ಕೊಂದೇಬಿಡುತ್ತಿದ್ದನಲ್ಲ ಪಾಪಿ! "ರೋಗ ಇರೂದು ನಿನ್ನ ತೆಲ್ಯಾಗ! ಮೊದಲು ಅದನ್ನ ತೋರಿಸ್ಕೋಲೇ!"

ಮರುದಿನ ಅವಳೇ ಮಗಳನ್ನು ಲ್ಯಾಬಿಗೆ ಕರೆದೊಯ್ದಳು, ಸೂಜಿ ಚುಚ್ಚುವ ತನಕ ಅವಳ ತೋಳು ಬಿಡಲಿಲ್ಲ. ಈ ಸಲದ ರಕ್ತದಲ್ಲಿ ಆ್ಯಂಟಿಬಾಡಿ ಸಿಕ್ಕವು, ಹುಡುಗಿಯ ಜೀವ ಉಳಿಯುವ ದಾರಿ ಸಿಕ್ಕಿತು. ಆದರೆ ಅವತ್ತು ಕಸ್ತೂರಿ ಕುರ್ಚಿಯಿಂದ ಏಳುವುದೇ ತಡ, ಅಡಿವೆಪ್ಪ ಬಂದು ಕೂತ. ಬೋಳಿಸಿದ ತಲೆ, ಅದರ ಮೇಲೆ ಬಿಸಿಬಿಸಿ ಚಪಾತಿ, ಜಾರದಂತೆ ಸುತ್ತಿದ ಟವೆಲು.

"ಇಲ್ಲಿಂದ ತಗೀರಿ," ಎಂದು ತಲೆ ಬಗ್ಗಿಸಿದ. "ಗೋಧಿ ಮೊದಲ ಕೊಟ್ಟೇನಿ!"